ಅಳಿಸಿದ್ದಕ್ಕೊಂದು ವಾಯಿದೆ

ಡಾಸ್ ಕಾಲದ ಕಂಪ್ಯೂಟರಿನಲ್ಲಿ ಅಳಿಸಿಹೋದ ಫೈಲನ್ನು ವಾಪಸ್ ಕೇಳಿದರೆ ಅದು ನಮ್ಮನ್ನೇ ಒಂದು ಪ್ರಶ್ನೆ ಕೇಳುತ್ತಿತ್ತು: ಇದರ ಹೆಸರಿನ ಮೊದಲಕ್ಷರ ಯಾವುದು? ಪರದೆಯ ಮೇಲೆ ಮೊದಲಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಮುಂದೆ ಉಳಿದ ಅಕ್ಷರಗಳು. ಆಗ ಅಳಿಸುವುದೆಂದರೆ ಡಿಸ್ಕಿನಲ್ಲಿದ್ದ ಬರಹವನ್ನು ಒರೆಸಿಹಾಕುವುದಾಗಿರಲಿಲ್ಲ. ಪಟ್ಟಿಯಲ್ಲಿದ್ದ ಹೆಸರಿನ ಮೊದಲಕ್ಷರವನ್ನು ಹೊಡೆದು ಅಲ್ಲೊಂದು ಗುರುತು ಹಾಕುವುದು, ಈ ಜಾಗ ಖಾಲಿ ಎಂದು ಬರೆದುಕೊಳ್ಳುವುದು, ಅಷ್ಟೇ. ಬೇರೇನಾದರೂ ಬಂದು ಆ ಜಾಗದಲ್ಲಿ ಕೂರುವವರೆಗೆ ಹಳೆಯ ಬರಹ ಇದ್ದಲ್ಲೇ ಇರುತ್ತಿತ್ತು. 1982ರಲ್ಲಿ ಪೀಟರ್ ನಾರ್ಟನ್ ಎಂಬಾತ ಇದೇ ಗುಟ್ಟನ್ನು ಹಿಡಿದು ‘ಅನ್‌ಇರೇಸ್’ ಎಂಬ ಪ್ರೋಗ್ರಾಮ್ ಮಾಡಿ ಹೆಸರಾದ. 1991ರಲ್ಲಿ ಮೈಕ್ರೋಸಾಫ್ಟ್ ತನ್ನ ಡಾಸ್ 5ರಲ್ಲಿ ‘ಅನ್‌ಡಿಲೀಟ್’ ಎಂಬ ಕಮಾಂಡನ್ನೇ ಸೇರಿಸಿತು. ಮೊದಲಕ್ಷರ ನೆನಪಿದ್ದವನಿಗೆ ಫೈಲು ಸಿಗುತ್ತಿತ್ತು. ನೆನಪಿಲ್ಲದವನು ಬಾಯಿಗೆ ಬಂದ ಅಕ್ಷರ ಕೊಟ್ಟರೂ ಸಿಗುತ್ತಿತ್ತು, ಹೆಸರು ಮಾತ್ರ ವಿಚಿತ್ರವಾಗಿರುತ್ತಿತ್ತು.

ಅಳಿಸಿದ್ದು ಅಗೆದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಆ ದಿನಗಳಲ್ಲಿ. ಕೈಗೆ ಟ್ಯಾಬ್ಲೆಟ್ ಬಂದಮೇಲೂ ನಂಬಿಕೆ ಹಾಗೇ ಉಳಿದಿದೆ. ಟ್ಯಾಬ್ಲೆಟ್ಟಿನ ಸ್ವಭಾವ ಬೇರೆ.

ನಮ್ಮ ಬೀದಿಯಲ್ಲಿ ಸಂಗೀತ ಹೇಳಿಕೊಡುವ ಟೀಚರ್ ಒಬ್ಬರಿದ್ದಾರೆ. ಕನ್ನಡಕದ ನಂಬರು ಏರುತ್ತಾ ಹೋದಂತೆ ದಪ್ಪ ನೋಟ್‌ಬುಕ್ಕುಗಳನ್ನು ಬಿಟ್ಟು ಐಪ್ಯಾಡ್ ಹಿಡಿದವರು. ಅಕ್ಷರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಬಹುದಲ್ಲ, ಅದೇ ಅವರಿಗೆ ದೊಡ್ಡ ಅನುಕೂಲ. ಪೆನ್ಸಿಲಿನಲ್ಲಿ ಸ್ವರ ಬರೆಯುತ್ತಾರೆ. ಮೇಲೆ ರಾಗ, ತಾಳ. ಕೆಳಗೆ ಸ್ವರದ ಸಾಲು, ಅದರ ಕೆಳಗೆ ಸಾಹಿತ್ಯ. ತಾರಸ್ಥಾಯಿಗೆ ಸ್ವರದ ನೆತ್ತಿಯ ಮೇಲೊಂದು ಚುಕ್ಕೆ, ಮಂದ್ರಕ್ಕೆ ಬುಡದಲ್ಲೊಂದು. ಗಮಕ ಎಲ್ಲಿ ತೂಗಬೇಕೋ ಅಲ್ಲಿ ಕೆಂಪು ಅಲೆಗೆರೆ. ಸ್ವರ, ಸಾಹಿತ್ಯ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಆ ಕೆಂಪು ಗೆರೆಗಳು ಅವರು ತಮ್ಮ ಗುರುಗಳ ಎದುರು ಕೂತು ಕೇಳಿ ಗುರುತು ಹಾಕಿಕೊಂಡದ್ದು. ಒಂದು ಬೆಳಿಗ್ಗೆ ಪಾಠಕ್ಕೆಂದು ತೆರೆದರೆ ವರ್ಣಗಳ ಫೋಲ್ಡರೇ ಇಲ್ಲ.

ಮನೆಯವರನ್ನೆಲ್ಲ ಕೇಳಿದ್ದಾಯಿತು. ಪಾಠಕ್ಕೆ ಬರುವ ಹುಡುಗಿಯರನ್ನೂ ವಿಚಾರಿಸಿದ್ದಾಯಿತು. ಯಾರೂ ಮುಟ್ಟಿರಲಿಲ್ಲ, ನಿಜಕ್ಕೂ ಮುಟ್ಟಿರಲಿಲ್ಲ. ಅಳಿಸಿದ್ದು ಪುಣೆಯಲ್ಲಿ. ಟೀಚರ್ ತಮ್ಮ ಹಳೆಯ ಐಫೋನನ್ನು ಅಲ್ಲಿರುವ ಮಗಳಿಗೆ ಕೊಟ್ಟಿದ್ದರು, ಅದರೊಳಗಿನ ತಮ್ಮ ಖಾತೆಯನ್ನು ಹಾಗೇ ಬಿಟ್ಟಿದ್ದರು. ನಮ್ಮ ಮನೆಗಳಲ್ಲಿ ಇದು ಮಾಮೂಲು. ಫೋನು ಕೈ ಬದಲಾಗುತ್ತದೆ, ಖಾತೆ ಬದಲಾಗುವುದಿಲ್ಲ. “ಫೋನ್ ತುಂಬ್ಹೋಗಿತ್ತಮ್ಮ, ಅದಕ್ಕೆ ನಿನ್ನ ಹಳೇದೆಲ್ಲ ತೆಗೆದೆ. ಐಪ್ಯಾಡಲ್ಲಿ ಇದ್ದೇ ಇರುತ್ತಲ್ಲ ಅಂದ್ಕೊಂಡೆ” ಅಂದಳು ಮಗಳು.

ಮಗಳ ಲೆಕ್ಕ ಕಾಗದದ ಕಾಲಕ್ಕೆ ಸರಿಯಾದ ಲೆಕ್ಕ. ಒಂದು ಪ್ರತಿ ಹರಿದರೆ ಇನ್ನೊಂದು ಪ್ರತಿಗೇನೂ ಆಗಬಾರದು. ಆದರೆ ಫೋನಿನಲ್ಲಿದ್ದದ್ದು, ಐಪ್ಯಾಡಿನಲ್ಲಿದ್ದದ್ದು ಎರಡು ಪ್ರತಿಗಳಲ್ಲ. ಒಂದೇ ಬರಹ, ಎರಡು ಕಡೆ ಕಾಣುತ್ತಿತ್ತು. ಸಿಂಕ್ ಎಂಬುದು ಬರೆದದ್ದನ್ನು ಎಷ್ಟು ನಿಷ್ಠೆಯಿಂದ ಒಯ್ದು ಮುಟ್ಟಿಸುತ್ತದೋ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಮುಟ್ಟಿಸುತ್ತದೆ. “ನನ್ನದೆಲ್ಲ ಕ್ಲೌಡ್‌ನಲ್ಲಿದೆ, ಭಯವಿಲ್ಲ” ಎನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಸಿಂಕ್ ಮಾತ್ರ, ಬ್ಯಾಕಪ್ ಅಲ್ಲ. ಇನ್ನೂ ಒಂದು ತೊಡಕಿದೆ. ಐಕ್ಲೌಡ್ ಜೊತೆ ಸಿಂಕ್ ಆಗುವ ನೋಟ್ಸ್ ಐಕ್ಲೌಡ್ ಬ್ಯಾಕಪ್ಪಿನಲ್ಲಿ ಸೇರುವುದಿಲ್ಲ, ಅದು ಹೇಗೂ ಅಲ್ಲಿದೆಯಲ್ಲ ಎಂಬ ತರ್ಕ. ಹಾಗಾಗಿ ಗಾಬರಿಯಲ್ಲಿ ಇಡೀ ಐಪ್ಯಾಡನ್ನು ಹಳೆಯ ಬ್ಯಾಕಪ್ಪಿಗೆ ಹಿಂದಿರುಗಿಸಿದವರಿಗೆ ಕಳೆದುಹೋದ ಟಿಪ್ಪಣಿಯೂ ಸಿಗದೆ, ಆಮೇಲೆ ಸೇರಿದ್ದ ಬೇರೆ ಸಾಮಾನೂ ಹೋಗಿ, ಎರಡು ಕಡೆ ನಷ್ಟ.

ಟೀಚರ್ ಮನೆಯಲ್ಲಿ ಅಷ್ಟೆಲ್ಲ ಬೇಕಾಗಲಿಲ್ಲ. ನೋಟ್ಸ್ ತೆರೆದು, ಎಡಗಡೆಯ ಫೋಲ್ಡರುಗಳ ಪಟ್ಟಿಯಲ್ಲಿ ಕೆಳಗಿಳಿದರೆ ‘ರೀಸೆಂಟ್ಲಿ ಡಿಲೀಟೆಡ್’ ಎಂದಿತ್ತು. ಅದರೊಳಗೆ ಹೋಗಿ ‘ಎಡಿಟ್’ ಒತ್ತಿ, ಬೇಕಾದವನ್ನು ಆರಿಸಿ, ‘ಮೂವ್’ ಎಂದು ಬೇರೆ ಫೋಲ್ಡರಿಗೆ ಕಳಿಸಿದರೆ ಮುಗಿಯಿತು. ಆ ಫೋಲ್ಡರು ತುಂಬಾ ಜನರ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ: ಅದರೊಳಗೆ ಏನೂ ಇಲ್ಲದಾಗ ಅದು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಎಂದೂ ಏನನ್ನೂ ಅಳಿಸದವರಿಗೆ ಅಂಥದ್ದೊಂದಿದೆ ಎಂದೇ ಗೊತ್ತಿರುವುದಿಲ್ಲ. ವರ್ಣಗಳು ಬಂದವು. ಟೀಚರ್ ಹಿಗ್ಗಿಸಿ ಮೊದಲು ನೋಡಿದ್ದು ಕೆಂಪು ಗೆರೆಗಳನ್ನು. ಆಮೇಲೆ “ಇಷ್ಟೇನಾ?” ಅಂದರು, ಅಷ್ಟು ಹೊತ್ತು ಪಟ್ಟ ಸಂಕಟಕ್ಕೆ ಇನ್ನೂ ದೊಡ್ಡ ಮದ್ದು ಬೇಕಿತ್ತು ಎನ್ನುವ ಹಾಗೆ.

ಎಷ್ಟೋ ಸಲ ಕಳೆದಿರುವುದೇ ಇಲ್ಲ. ಗೂಗಲ್ ಕೀಪ್‌ನಲ್ಲಿ ಟಿಪ್ಪಣಿಯನ್ನು ಬೆರಳಿನಿಂದ ಪಕ್ಕಕ್ಕೆ ಜಾರಿಸಿದರೆ ಅದು ಅಳಿಯುವುದಿಲ್ಲ, ಆರ್ಕೈವ್‌ಗೆ ಹೋಗಿ ಕೂರುತ್ತದೆ. ಬಸ್ಸಿನಲ್ಲಿ ನಿಂತು ಬೆರಳಾಡಿಸುವವರ ಎಷ್ಟು ಕಿರಾಣಿ ಪಟ್ಟಿಗಳು ಅಲ್ಲಿವೆಯೋ! ಐಪ್ಯಾಡಿನಲ್ಲಾದರೆ ಕೆಲವು ಟಿಪ್ಪಣಿ ಐಕ್ಲೌಡ್‌ನಲ್ಲಿ, ಕೆಲವು ಜಿಮೇಲ್ ಖಾತೆಯಲ್ಲಿ, ಕೆಲವು ಆ ಐಪ್ಯಾಡಿನಲ್ಲಿ ಮಾತ್ರ ಇರಬಹುದು. ಸೆಟ್ಟಿಂಗ್ಸಿನಲ್ಲಿ ಯಾವುದೋ ಖಾತೆಯ ನೋಟ್ಸ್ ಗುಂಡಿ ಆಫ್ ಆದರೆ ಅದಕ್ಕೆ ಸೇರಿದ್ದೆಲ್ಲ ಮಾಯ, ಆನ್ ಮಾಡಿದರೆ ಮತ್ತೆ ಹಾಜರ್. ಟಿಪ್ಪಣಿಯೊಳಗಿನ ಸಾಲು ಈಗಷ್ಟೇ ಅಳಿಸಿಹೋಗಿದ್ದರೆ ಮೂರು ಬೆರಳನ್ನು ಪರದೆಯ ಮೇಲೆ ಎಡಕ್ಕೆ ಎಳೆದರೆ ಸಾಕು. 2019ರ ಐಪ್ಯಾಡ್‌ಓಎಸ್ 13ರಿಂದ ಈ ಸೌಕರ್ಯವಿದೆ. ಅದಕ್ಕೂ ಮುಂಚೆ ಇದ್ದ ಉಪಾಯವೆಂದರೆ ಸಾಧನವನ್ನೇ ಹಿಡಿದು ಅಲುಗಾಡಿಸುವುದು. ಫೋನಿಗೆ ಸರಿ. ಐಪ್ಯಾಡನ್ನು ಮೊರದಲ್ಲಿ ಅಕ್ಕಿ ಕೇರಿದಂತೆ ಕೇರುವುದನ್ನು ಯಾರು ಯೋಚಿಸಿದರೋ ಕಾಣೆ.

ಮನೆಯಲ್ಲಿ ಅದೇ ಖಾತೆಯ ಹಳೆಯ ಟ್ಯಾಬ್ ಒಂದು ಬೀರುವಿನಲ್ಲಿ ಆಫ್ ಆಗಿ ಬಿದ್ದಿದ್ದರೆ ಅದನ್ನು ಆತುರಪಟ್ಟು ಆನ್ ಮಾಡಬಾರದು. ಮೊದಲು ವೈಫೈ ರೂಟರ್ ಆಫ್ ಮಾಡಬೇಕು, ಸಿಮ್ ಇದ್ದರೆ ಅದನ್ನೂ ತೆಗೆಯಬೇಕು. ಅಳಿಸಿದ ಸುದ್ದಿ ಆ ಟ್ಯಾಬಿಗೆ ಇನ್ನೂ ಮುಟ್ಟಿರುವುದಿಲ್ಲ. ಸುದ್ದಿ ಮುಟ್ಟುವ ಮೊದಲು ಟಿಪ್ಪಣಿಯನ್ನು ತೆರೆದು ಬೇರೊಂದು ಫೋನಿನಿಂದ ಫೋಟೊ ಹಿಡಿದುಕೊಂಡರೂ ಉಳಿದಂತೆ.

ಇಷ್ಟೂ ಆಗಿ ಸಿಗದಿದ್ದರೆ ಜನ ರಿಪೇರಿ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ‘ಡೇಟಾ ರಿಕವರಿ’ ಎಂಬ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ಡಾಸ್ ಕಾಲದ ನಂಬಿಕೆ ದುಡ್ಡಾಗುವುದು ಇಲ್ಲಿ. ಟ್ಯಾಬ್ಲೆಟ್ಟಿನಲ್ಲಿರುವುದು ಫ್ಲ್ಯಾಶ್ ಮೆಮೊರಿ. ಅದರಲ್ಲಿ ಹೊಸದನ್ನು ಬರೆಯಬೇಕಾದರೆ ಹಳೆಯದಿದ್ದ ತುಂಡನ್ನು ಮೊದಲು ಪೂರ್ತಿ ಅಳಿಸಬೇಕು. ಹಾಗಾಗಿ ಬೇಡವೆಂದ ಜಾಗಗಳನ್ನು ಯಂತ್ರ ಬಿಡುವು ಸಿಕ್ಕಾಗ ತಾನಾಗಿಯೇ ಅಳಿಸಿ ಸಿದ್ಧ ಮಾಡಿಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಬೀಗದ್ದು. ಐಪ್ಯಾಡಿನಲ್ಲಿ ಹುಟ್ಟುವ ಪ್ರತಿ ಫೈಲಿಗೂ 256 ಬಿಟ್‌ಗಳ ಅದರದೇ ಕೀಲಿಯಿರುತ್ತದೆ. ಆಂಡ್ರಾಯ್ಡ್ ಕೂಡ 7ನೇ ಆವೃತ್ತಿಯಿಂದ ಫೈಲುಗಳನ್ನು ಬೇರೆಬೇರೆ ಬೀಗದಲ್ಲಿಡುವ ದಾರಿ ಹಿಡಿಯಿತು. 10ನೇ ಆವೃತ್ತಿಯೊಂದಿಗೆ ಹೊರಬರುವ ಸಾಧನಗಳಿಗೆ ಅದು ಕಡ್ಡಾಯವಾಯಿತು. ಕೀಲಿ ಹೋದಮೇಲೆ ಚಿಪ್ಪಿನಲ್ಲಿ ಉಳಿದಿರಬಹುದಾದದ್ದು ಅರ್ಥವಿಲ್ಲದ ಅಂಕಿಗಳ ರಾಶಿ. ಮೊದಲಕ್ಷರ ಹೇಳಿದರೆ ಬರುವ ಸ್ಥಿತಿಯಲ್ಲಿ ಅದಿಲ್ಲ. ಅಂಥ ಸಾಫ್ಟ್‌ವೇರುಗಳಲ್ಲಿ ಹಲವು ಮಾಡುವುದೇನೆಂದರೆ ನಮ್ಮ ಬ್ಯಾಕಪ್ಪಿನೊಳಗೆ ನಾವೇ ಹುಡುಕಬಹುದಾದದ್ದನ್ನು ಹುಡುಕಿ, ಅರ್ಧ ತೋರಿಸಿ, ಉಳಿದದ್ದಕ್ಕೆ ಹಣ ಕೇಳುವುದು. ಖಾತೆಯ ಪಾಸ್‌ವರ್ಡ್ ಕೇಳಿದರೆ, ಒಟಿಪಿ ಹೇಳಿ ಎಂದರೆ, ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಟಿಪ್ಪಣಿ ಹೋದದ್ದು ಹೋಯಿತು, ಖಾತೆಯೂ ಹೋಗಬಾರದು.

ಅಳಿಸಿದ್ದು ಹೀಗೆ ಸಿಗದೇ ಹೋಗುವುದನ್ನು ಅನ್ಯಾಯ ಎನ್ನುವಂತಿಲ್ಲ. ಅದೇ ಟ್ಯಾಬ್ಲೆಟ್ಟನ್ನು ನಾಳೆ ಮಾರಲು ಹೊರಟಾಗ ನಮಗೆ ಬೇಕಾಗುವುದು ಇಂದಿನ ಆಸೆಗೆ ತದ್ವಿರುದ್ಧ: ನಮ್ಮ ಒಂದಕ್ಷರವೂ ಕೊಂಡವನ ಕೈಗೆ ಸಿಗಬಾರದು. ಇಡೀ ಐಪ್ಯಾಡನ್ನು ಅಳಿಸಲು ಹೆಚ್ಚು ಹೊತ್ತು ಹಿಡಿಯದಿರುವುದೂ ಈ ಬೀಗದಿಂದಲೇ. ಅದು ಬರಹವನ್ನು ಸಾಲುಸಾಲಾಗಿ ಒರೆಸುತ್ತಾ ಕೂರುವುದಿಲ್ಲ, ಕೀಲಿಯನ್ನು ನಾಶಮಾಡುತ್ತದೆ. ನಮ್ಮದು ಬೇರೆಯವರಿಗೆ ಸಿಗಬಾರದೆಂಬ ಆಸೆಗೆ ಕಾನೂನಿನ ಬೆಂಬಲವೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನನ್ನ ಮಾಹಿತಿಯನ್ನು ಅಳಿಸಿ ಎಂದು ಕಂಪನಿಯನ್ನು ಕೇಳುವ ಹಕ್ಕನ್ನು ಬರೆದಿಟ್ಟಿದೆ. ಅಳಿಸಿದ್ದು ನಿಜವಾಗಿ ಅಳಿಯಬೇಕು, ಅಳಿಸಿದ್ದು ಬೇಕೆಂದಾಗ ಸಿಗಬೇಕು. ಎರಡನ್ನೂ ನಾವೇ ಕೇಳುವವರು. ಯಂತ್ರ ಕಂಡುಕೊಂಡ ರಾಜಿ ಒಂದೇ: ಸ್ವಲ್ಪ ದಿನ ಕಾಯುವುದು.

ಆ ‘ಸ್ವಲ್ಪ ದಿನ’ದ ಬಗ್ಗೆಯೇ ನನ್ನ ತಕರಾರು. ತಿಂಗಳ ಪತ್ರಿಕೆಗಳನ್ನು ಮೂಲೆಯಲ್ಲಿ ಪೇರಿಸಿಟ್ಟಿರುತ್ತೇವೆ. ರದ್ದಿಯವನು ಬರುವ ತನಕ ಯಾವ ಪುಟ ಬೇಕಾದರೂ ಎಳೆದುಕೊಳ್ಳಬಹುದು, ಅವನು ತೂಗಿಕೊಂಡು ಹೋದಮೇಲೆ ಇಲ್ಲ. ಆದರೆ ರದ್ದಿಯವನನ್ನು ಕರೆಯುವವರು ನಾವು. ಟ್ಯಾಬ್ಲೆಟ್ಟಿನಲ್ಲಿ ಅವನು ತಾನೇ ಬರುತ್ತಾನೆ, ಒಂದೊಂದು ಮನೆಗೆ ಒಂದೊಂದು ವಾಯಿದೆಗೆ. ಆಪಲ್ ನೋಟ್ಸ್‌ನಲ್ಲಿ 30 ದಿನ. ಮೈಕ್ರೋಸಾಫ್ಟ್ ಒನ್‌ನೋಟ್‌ನಲ್ಲಿ 60 ದಿನ. ಗೂಗಲ್ ಕೀಪ್‌ನಲ್ಲಿ ಬರೀ 7. ಸ್ಯಾಮ್ಸಂಗ್ ಟ್ಯಾಬಿನವರು ನೋಟ್ಸ್ ಆ್ಯಪಿನ ಪಕ್ಕದ ಮೆನುವಿನಲ್ಲಿರುವ ಕಸದ ಬುಟ್ಟಿಯನ್ನು ನೋಡಬೇಕು. ಅಲ್ಲೂ ಶಾಶ್ವತ ನೆಲೆಯೇನಿಲ್ಲ. ಮ್ಯಾಕಿಂಟೋಷ್‌ನ ಮೊದಲ ವರ್ಷಗಳಲ್ಲಿ ಬುಟ್ಟಿ ಕಂಪ್ಯೂಟರ್ ಮುಚ್ಚುವಷ್ಟರಲ್ಲೇ ಖಾಲಿಯಾಗುತ್ತಿತ್ತು. 1991ರ ಸಿಸ್ಟಮ್ 7 ಬಂದಮೇಲೆ ನಾವು ಹೇಳುವ ತನಕ ಕಾಯುವುದನ್ನು ಕಲಿಯಿತು. ಮೂವತ್ತು ಚಿಲ್ಲರೆ ವರ್ಷ ಕಳೆದು ಮತ್ತೆ ನಮ್ಮನ್ನು ಕೇಳದೆ ಖಾಲಿಯಾಗುವ ಬುಟ್ಟಿಗೇ ಬಂದು ನಿಂತಿದ್ದೇವೆ.

ಏಳು ದಿನ ಯಾತಕ್ಕೂ ಸಾಲದು. ಮಕ್ಕಳಿಗೆ ದಸರಾ ರಜೆ ಎಂದು ಊರಿಗೆ ಹೋಗಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಟಿಪ್ಪಣಿ ಕಾಣೆಯಾದದ್ದು ಅಳಿಸಿದ ದಿನವೇ ಗೊತ್ತಾಗುವುದೂ ಅಪರೂಪ. ಅದು ಬೇಕಾದ ದಿನ ಗೊತ್ತಾಗುತ್ತದೆ. ಪುಣೆಯ ಮಗಳು ಫೋನ್ ಖಾಲಿ ಮಾಡಿದ್ದು ಬೇಸಿಗೆ ರಜೆಯಲ್ಲಾಗಿ, ಪಾಠ ನಿಂತಿದ್ದ ಹೊತ್ತಾಗಿ, ಟೀಚರ್ ವರ್ಣಗಳ ಫೋಲ್ಡರನ್ನು ಜೂನ್‌ನಲ್ಲಿ ತೆರೆದಿದ್ದರೆ 30 ದಿನವೂ ದಾಟಿರುತ್ತಿತ್ತು. ಈಗ ಅವರು ಮಾಡಿರುವ ವ್ಯವಸ್ಥೆ ಸಾದಾ: ಒಂದು ವರ್ಣ ಬರೆದು ಮುಗಿದ ಕೂಡಲೇ ಪಿಡಿಎಫ್ ಮಾಡಿ ಮಗಳಿಗೂ ಇಬ್ಬರು ಶಿಷ್ಯೆಯರಿಗೂ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಾರೆ, ಮುಖ್ಯವಾದವನ್ನು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲೇ ಪ್ರಿಂಟ್ ಹಾಕಿಸುತ್ತಾರೆ. ಕಪ್ಪುಬಿಳುಪಿನಲ್ಲಿ ಕೆಂಪು ಗೆರೆ ತಿಳಿಯುವುದಿಲ್ಲವಂತೆ. ಪುಣೆಯ ಫೋನಿನಿಂದ ತಮ್ಮ ಖಾತೆಯನ್ನೂ ತೆಗೆಸಿದ್ದಾರೆ.

ಕಂಪನಿಗಳು ಮನಸ್ಸು ಮಾಡಿದರೆ ಇದಕ್ಕೆ ಬೇಕಾದ್ದು ಒಂದೇ ಒಂದು ಸಾಲಿನ ಸೆಟ್ಟಿಂಗು. ಪರದೆ ಎಷ್ಟು ಬೆಳಗಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಗಂಟೆ ಯಾವ ರಾಗದಲ್ಲಿ ಬಾರಿಸಬೇಕು ಎಂದೆಲ್ಲ ಈ ಸಾಧನ ನಮ್ಮನ್ನು ಕೇಳುತ್ತದೆ. ಬುಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಲಿ ಎಂದು ಕೀಪ್ ಆಗಲಿ, ಆಪಲ್ ನೋಟ್ಸ್ ಆಗಲಿ ಕೇಳುವುದಿಲ್ಲ.