ಊರಿಗೆ ಹೋದ ಮಗು ಗೈರುಹಾಜರೇ?

ಜೂನ್ ತಿಂಗಳ ನಡುವಿಗೆ ಮಹಾರಾಷ್ಟ್ರದ ಶಾಲೆಗಳು ಬಾಗಿಲು ತೆರೆಯುತ್ತವೆ. ಅದೇ ಹೊತ್ತಿಗೆ ಮಳೆಯೂ ಹಿಡಿಯುತ್ತದೆ. ಕಲಬುರಗಿ, ವಿಜಯಪುರದ ಕಡೆ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮುಂಗಾರಿ ಬಿತ್ತನೆಗೆ ಹೊಲ ಹದವಾಗುವುದೂ ಆಗಲೇ. ಹೀಗಾಗಿ ತುರ್ಭೆಯಂಥ ಕಡೆ, ಕೂಲಿಕಾರರ ಮಕ್ಕಳೇ ಹೆಚ್ಚಾಗಿರುವ ಸಣ್ಣ ಶಾಲೆಯೊಂದರಲ್ಲಿ ಮೊದಲ ದಿನ ಹೆಸರು ಕೂಗಿದರೆ, 'ಊರಿಗೆ ಹೋಗ್ಯಾನ್ರೀ ಸರ್' ಎಂಬ ಉತ್ತರ ಪಕ್ಕದ ಮಗುವಿನಿಂದ ಬರುವುದುಂಟು. ಹಾಜರಿ ಪುಸ್ತಕದಲ್ಲಿ ಈ ಉತ್ತರವನ್ನು ಬರೆಯಲು ಮನೆಯಿಲ್ಲ. ಇರುವುದು ಎರಡೇ ಗುರುತು, ಬಂದ ಮತ್ತು ಬಾರದ.

ಊರಿಗೆ ಹೋದ ಮಗುವನ್ನು 'ಬಾರದ' ಎಂದು ಬರೆಯುವುದು ಲೆಕ್ಕಕ್ಕೆ ಸರಿ. ನ್ಯಾಯಕ್ಕೆ ಸರಿಯೇ?

1970ರಲ್ಲಿ ಸಿಡ್ಕೋ ಹುಟ್ಟಿ ಹೊಸ ಮುಂಬಯಿಯನ್ನು ಕಟ್ಟತೊಡಗಿದಾಗ ಅದಕ್ಕೆ ಬೇಕಾದ ಜಲ್ಲಿ ತುರ್ಭೆ, ಪಾವಣೆಗಳ ಬೆನ್ನಿಗಿರುವ ಗುಡ್ಡಗಳಿಂದಲೂ ಬಂತು. ಆ ಕಲ್ಲನ್ನು ಒಡೆದ ಕೈಗಳಲ್ಲಿ ನಮ್ಮ ಉತ್ತರ ಕರ್ನಾಟಕದವರ ಕೈಗಳೂ ಇದ್ದವು. ಮಳೆಗಾಲದಲ್ಲಿ ಗಣಿಯ ಗುಂಡಿಗೆ ನೀರು ತುಂಬುತ್ತದೆ, ಕೂಲಿ ನಿಲ್ಲುತ್ತದೆ. ಊರಲ್ಲಿ ಎರಡೆಕರೆ ಇದ್ದವನು ಇಲ್ಲಿ ಕೂತು ಉಣ್ಣುವಂತಿಲ್ಲ. ಗಂಡ, ಹೆಂಡತಿ, ಮಕ್ಕಳು ಗಂಟು ಕಟ್ಟುತ್ತಾರೆ. ಈಗ ಗಣಿಗಳ ಸದ್ದು ಬಹಳ ಕಡಿಮೆಯಾಗಿದೆ. ಆದರೆ ಗಾರೆ ಕೆಲಸಕ್ಕೂ ಮಾರ್ಕೆಟ್ಟಿನ ಹಮಾಲಿಗೂ ಬರುವವರ ಊರ ನಂಟು ಕಡಿದಿಲ್ಲ.

ನಮ್ಮ ಪೈಕಿ ಆಫೀಸು, ಬ್ಯಾಂಕುಗಳಲ್ಲಿ ದುಡಿದವರೂ ಊರಿಗೆ ಹೋಗುವವರೇ. ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರಿಗೋ ಧಾರವಾಡಕ್ಕೋ ಹೋಗಿ, ಮಾವು ಹಲಸು ತಿಂದು, ಮದುವೆ ಮುಂಜಿ ಮುಗಿಸಿ, ಶಾಲೆ ತೆರೆಯುವ ಮುನ್ನ ಮರಳುತ್ತೇವೆ. ನಮ್ಮನ್ನು ಯಾರೂ ಶಿಸ್ತುಗೆಟ್ಟವರು ಎನ್ನಲಿಲ್ಲ. ಏಕೆಂದರೆ ನಮ್ಮ ಊರಪ್ರಯಾಣ ಸರಕಾರದ ರಜೆಯೊಳಗೆ ಕೂತಿತು; ಅವರದು ಕೂರಲಿಲ್ಲ. ಇದರಲ್ಲಿ ನಮ್ಮ ಗುಣಕ್ಕಿಂತ ಪಂಚಾಂಗದ ಕೃಪೆಯೇ ಹೆಚ್ಚೆಂದು ನಮಗೆ ತೋರುತ್ತದೆ. ರಜೆಯ ಪಟ್ಟಿಯೇನು ಆಕಾಶದಿಂದ ಇಳಿದದ್ದೇ? ಕರ್ನಾಟಕದಲ್ಲಿ ಶಾಲೆ ಮೇ ಕೊನೆಗೋ ಜೂನ್ ಮೊದಲಿಗೋ ತೆರೆದರೆ ಇಲ್ಲಿ ಜೂನ್ ನಡುವಿಗೆ. ಅಲ್ಲಿ ದಸರೆಗೆ ದೀರ್ಘ ರಜೆ, ಇಲ್ಲಿ ದೀಪಾವಳಿಗೆ.

ಶಾಲೆಯೇ ಮಕ್ಕಳ ಬೆನ್ನು ಹತ್ತಿ ಹೋದ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿ ಆರಂಭಿಸಿದ ಗ್ರಾಮ ಬಾಲಶಿಕ್ಷಣ ಕೇಂದ್ರ 1957ರಲ್ಲಿ ಕೋಸಬಾಡಕ್ಕೆ ಹೋಯಿತು. ಅಂದು ಅದು ಠಾಣೆ ಜಿಲ್ಲೆ, 2014ರಿಂದ ಪಾಲಘರ್. ಅಲ್ಲಿನ ಆದಿವಾಸಿ ಮಕ್ಕಳು ದನ ಕಾಯಲು ಹೋಗುತ್ತಿದ್ದರು. ದನ ಬಿಟ್ಟು ಬನ್ನಿ ಎಂದರೆ ಬರುವುದು ಸಾಧ್ಯವಿರಲಿಲ್ಲ. ಆಗ ಕಲಿಸುವವರೇ ಹುಲ್ಲುಗಾವಲಿಗೆ ಹೋದರು. ಅದಕ್ಕೆ 'ಕುರಣ ಶಾಳಾ' ಎಂದು ಹೆಸರಾಯಿತು. ಬಡತನವನ್ನು ಗೈರುಹಾಜರಿಯೆಂದು ಬರೆಯದೆ ಅದರ ಜೊತೆ ನಡೆದು ಹೋದ ಶಾಲೆ ಅದು.

ಹಾಗೆಂದು ಊರಿನ ಹೆಸರಿನಲ್ಲಿ ಎಲ್ಲವನ್ನೂ ಒಪ್ಪಿಬಿಡಬೇಕೇ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬಂದ ಹುಡುಗ ತರಗತಿಗೆ ಏನೋ ಒಂದನ್ನು ತರುತ್ತಾನೆ, ನಿಜ. ಆದರೆ ಬಿತ್ತನೆಗೆಂದು ಹೋದದ್ದು ಕಳೆ ತೆಗೆಯುವವರೆಗೆ, ಪಂಚಮಿಯವರೆಗೆ ಎಂದು ಬೆಳೆದರೆ ಕಲಿತ ಅಕ್ಷರ ಮಸುಕಾಗುತ್ತದೆ. ಹುಡುಗಿಯರ ಸಂಗತಿ ಇನ್ನೂ ಕಷ್ಟದ್ದು. ಹನ್ನೊಂದು ವರ್ಷದವಳನ್ನು 'ಅಜ್ಜಿ ಕಡೆ ಇರ್ಲಿ, ಕೂಸು ನೋಡ್ಕೋತಾಳ' ಎಂದು ಬಿಟ್ಟುಬಂದರೆ ಅವಳ ಶಾಲೆ ಅಲ್ಲಿಗೆ ಮುಗಿದಂತೆ. ಅಣ್ಣ ಮರಳುತ್ತಾನೆ, ಅವಳು ಮರಳುವುದಿಲ್ಲ. ಇದನ್ನು ಸಂಸ್ಕೃತಿ ಎಂದು ಕರೆಯಲು ನಮ್ಮ ನಾಲಗೆ ಏಳದು. ಹೋಗಲು ಬಿಡುವ ಶಾಲೆಗೆ ಮರಳಿ ಕರೆಯುವ ಹಕ್ಕೂ ಇದೆ. ಕರೆಯುವುದು ಅದರ ಕೆಲಸವೂ ಹೌದು. ಯಾರು ಹೋದರು, ಯಾವ ಊರಿಗೆ, ಅಲ್ಲಿನ ಶಾಲೆಯಲ್ಲಿ ಕೂರುತ್ತಿದ್ದಾರೆಯೇ ಎಂದು ಫೋನಿನಲ್ಲಿ ವಿಚಾರಿಸುವುದು ಇಂದು ದೊಡ್ಡ ಕೆಲಸವಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ಇಯತ್ತೆ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೂ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಲ್ಲಿ ಸೇರಿಸಿಕೊಳ್ಳಬೇಕು, ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿಲ್ಲಿಸಕೂಡದು. ಆದರೆ ಹೆಬ್ಬೆಟ್ಟಿನ ತಾಯಿಯೊಬ್ಬಳು ಹೆಡ್‌ಮಾಸ್ತರರ ಮೇಜಿನ ಮುಂದೆ ನಿಂತು, ಬಾರದ ಮರಾಠಿಯಲ್ಲಿ ಈ ಕಲಮುಗಳನ್ನು ಹೇಳಬಲ್ಲಳೇ? ಜೊತೆಗೆ ಹೋಗಿ ಎರಡು ಮಾತು ಆಡುವವರೊಬ್ಬರು ಬೇಕು. ಬಿತ್ತನೆ ಮುಗಿಸಿದ ಕುಟುಂಬಗಳು ಜುಲೈ, ಆಗಸ್ಟಿನಲ್ಲಿ ಮರಳುವಾಗ ಅರ್ಧ ದಿನದ ರಜೆ ಹಾಕಿ ತುರ್ಭೆಗೆ ಬರಬಲ್ಲವರು ನಮ್ಮ ಸದಸ್ಯರಲ್ಲಿ ಯಾರು ಯಾರಿದ್ದಾರೆ?