ಸಾಕಿದ ಪ್ರಾಣಿ, ಕಲ್ಪಿಸಿದ ಪ್ರಾಣಿ

ಒಂದು ಪ್ರಾಣಿಯನ್ನು ಬಹುಕಾಲ ಮನೆಯಲ್ಲಿರಿಸಿಕೊಂಡು, ಅದರ ನಡೆ, ನಿದ್ರೆ, ಹಸಿವು, ಮುನಿಸುಗಳನ್ನೆಲ್ಲ ನಿತ್ಯವೂ ಕಂಡು, ಅದನ್ನು ಮನಸಾರೆ ಪ್ರೀತಿಸಿದ ಚಿತ್ರಕಾರನೊಬ್ಬನು ಕುಂಚವನ್ನು ಕೈಗೆತ್ತಿಕೊಂಡಾಗ, ಇದ್ದುದನ್ನು ಇದ್ದಂತೆ ಬರೆಯದೆ, ಲೋಕದಲ್ಲಿ ಎಲ್ಲಿಯೂ ಕಾಣಸಿಗದ ಒಂದು ವಿಚಿತ್ರ ಮೃಗವನ್ನು ಬರೆಯುವುದೇಕೆ? ಪರಿಚಯವು ಬೆಳೆದಷ್ಟೂ ಚಿತ್ರವು ಯಥಾರ್ಥಕ್ಕೆ ಹತ್ತಿರವಾಗಬೇಕೆಂಬುದು ನಮ್ಮೆಲ್ಲರ ಸಹಜವಾದ ನಿರೀಕ್ಷೆ. ಅಪರಿಚಿತವಾದುದರ ವಿಷಯದಲ್ಲಿ ಕಲ್ಪನೆಯು ಸ್ವೈರವಾಗಿ ಸಂಚರಿಸಲಿ. ತೊಡೆಯ ಮೇಲೆ ಮಲಗಿ ನಿದ್ರಿಸುವ ಪ್ರಾಣಿಯ ವಿಷಯದಲ್ಲಿ ಅದಕ್ಕೇನು ಕೆಲಸ? ಹೀಗೆ ಕೇಳುವವರು ಆ ಕಲ್ಪನೆಯನ್ನು ಲಹರಿಯೆಂದು ಕ್ಷಮಿಸುತ್ತಾರೆ, ಇಲ್ಲವೆ ಪ್ರೀತಿಯ ಅತಿರೇಕವೆಂದು ಮುಗುಳ್ನಗುತ್ತಾರೆ. ಅದನ್ನು ರೋಗದ ಲಕ್ಷಣವೆಂದು ಬಗೆದ ವೈದ್ಯರೂ ಉಂಟು. ಈ ಮೂರು ತೀರ್ಮಾನಗಳಲ್ಲಿ ಒಂದೂ ನನಗೆ ಸಮ್ಮತವಲ್ಲ. ಎಷ್ಟು ಕಾಲ ಜೊತೆಯಲ್ಲಿ ಬಾಳಿದರೂ ತಿಳಿಯದೆ ಉಳಿದುಬಿಡುವ ಒಂದು ಅಂಶ ಆ ಜೀವದಲ್ಲಿ ಇದೆಯಷ್ಟೆ. ಅದಕ್ಕೆ ಚಿತ್ರಕಾರನು ಸಲ್ಲಿಸುವ ಗೌರವವೇ ಈ ಕಲ್ಪನೆಯೆಂದು ನಾನು ನಂಬಿದ್ದೇನೆ.

ಲೂಯಿ ವೇಯ್ನ್ ಎಂಬ ಆಂಗ್ಲ ಚಿತ್ರಕಾರನ ಜೀವಿತವು ಈ ಪ್ರಶ್ನೆಯನ್ನು ಬಹು ತೀಕ್ಷ್ಣವಾಗಿ ನಮ್ಮ ಮುಂದಿಡುತ್ತದೆ. 1860ರಲ್ಲಿ ಲಂಡನ್ನಿನಲ್ಲಿ ಜನಿಸಿದ ಆತನು, ಇಪ್ಪತ್ತರ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯ ಮತ್ತು ಐವರು ತಂಗಿಯರ ಪೋಷಣೆಯ ಭಾರವನ್ನು ಹೊತ್ತು, ಪತ್ರಿಕೆಗಳಿಗೆ ಚಿತ್ರ ಬರೆದುಕೊಟ್ಟು ಜೀವನ ಸಾಗಿಸಿದವನು. ಗ್ರಾಮಾಂತರದ ದೊಡ್ಡ ಮನೆಗಳು, ಕೃಷಿಪ್ರದರ್ಶನಗಳಿಗೆ ಬಂದ ದನಕುರಿಗಳು, ಇವು ಆತನ ಆರಂಭದ ವಿಷಯಗಳು; ಇದ್ದುದನ್ನು ಇದ್ದಂತೆ ಬರೆಯುವ ವಿದ್ಯೆ ಆತನಿಗೆ ಚೆನ್ನಾಗಿ ಕೈವಶವಾಗಿತ್ತೆಂಬುದನ್ನು ನಾವು ಮರೆಯತಕ್ಕದ್ದಲ್ಲ. 1884ರಲ್ಲಿ, ತಂಗಿಯರಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದ, ತನಗಿಂತ ಹತ್ತು ವರ್ಷ ಹಿರಿಯಳಾದ ಎಮಿಲಿ ರಿಚರ್ಡ್‌ಸನ್ ಎಂಬಾಕೆಯನ್ನು, ಮನೆಯವರ ಅಸಮಾಧಾನವನ್ನು ಲೆಕ್ಕಿಸದೆ, ಆತನು ವರಿಸಿದನು. ಮದುವೆಯಾದ ಅಲ್ಪಕಾಲದಲ್ಲಿಯೇ ಆಕೆಗೆ ಸ್ತನದ ಕ್ಯಾನ್ಸರ್ ತಗುಲಿತು. ದಿಕ್ಕಿಲ್ಲದೆ ಬಂದ ಕಪ್ಪುಬಿಳುಪಿನ ಒಂದು ಬೆಕ್ಕಿನ ಮರಿಗೆ ಪೀಟರ್ ಎಂದು ಹೆಸರಿಟ್ಟು ಅವರು ಸಾಕಿಕೊಂಡಿದ್ದರು. ಅದು ರೋಗಿಯ ಹಾಸಿಗೆಯ ಸಂಗಾತಿಯಾಯಿತು. ಹೆಂಡತಿಯ ಮನಸ್ಸಿಗೆ ಕೊಂಚ ಉಲ್ಲಾಸವಾಗಲೆಂದು ವೇಯ್ನ್ ಆ ಬೆಕ್ಕಿನ ಮೂಗಿನ ಮೇಲೆ ಕನ್ನಡಕವಿಟ್ಟು ಓದುವಂತೆ ಕೂರಿಸುವನು, ಅದನ್ನು ನೋಡಿ ನೋಡಿ ಹಾಳೆಯ ಮೇಲೆ ಬರೆಯುವನು. ಈ ಚಿತ್ರಗಳನ್ನು ಪತ್ರಿಕೆಗೆ ಕೊಡೆಂದು ಒತ್ತಾಯಿಸಿದವಳು ಎಮಿಲಿಯೇ. 1886ರ ಕ್ರಿಸ್‌ಮಸ್ ಸಂಚಿಕೆಯಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯು, ಸುಮಾರು 150 ಬೆಕ್ಕುಗಳು ಹಬ್ಬದ ಔತಣದಲ್ಲಿ ನೆರೆದಿರುವ ಆತನ ಚಿತ್ರವನ್ನು ಅಚ್ಚುಹಾಕಿತು. ಆತನು ಒಮ್ಮೆಲೇ ಪ್ರಸಿದ್ಧನಾದನು. ಮುಂದಿನ ತಿಂಗಳು ಆಕೆ ತೀರಿಕೊಂಡಳು. ಪೀಟರ್ ಮತ್ತೂ ಹನ್ನೊಂದು ವರ್ಷ ಬದುಕಿ 1898ರಲ್ಲಿ ಸತ್ತಿತು. ತನ್ನ ಕಲಾಜೀವನಕ್ಕೆ ಅಡಿಗಲ್ಲಾದುದು ಪೀಟರ್ ಎಂಬುದನ್ನು ವೇಯ್ನ್ ಎಂದೂ ಮರೆಮಾಚಲಿಲ್ಲ.

ಆ ಪ್ರಸಿದ್ಧ ಚಿತ್ರದ ಬೆಕ್ಕುಗಳು ಇನ್ನೂ ನಾಲ್ಕು ಕಾಲುಗಳ ಮೇಲೆಯೇ ನಿಂತಿವೆ. ಅವುಗಳ ಮೈಮೇಲೆ ಉಡುಪಿಲ್ಲ. ವರ್ಷಗಳು ಕಳೆದಂತೆ ಅವು ಎದ್ದು ನಿಂತವು, ಕೋಟು ತೊಟ್ಟವು, ಚಹಾ ಕುಡಿದವು, ಇಸ್ಪೀಟು ಆಡಿದವು, ಗಾಲ್ಫ್ ಆಡಿದವು. ಅಂಚೆಕಾರ್ಡುಗಳಲ್ಲಿಯೂ ಮಕ್ಕಳ ಪುಸ್ತಕಗಳಲ್ಲಿಯೂ ಇಂಗ್ಲೆಂಡಿನ ಮನೆಮನೆಯನ್ನು ಅವು ಪ್ರವೇಶಿಸಿದವು. ಕೊನೆಗಾಲದಲ್ಲಿ, ಮನೋವ್ಯಾಧಿಯಿಂದ ಆಸ್ಪತ್ರೆ ಸೇರಿದ ಮೇಲೆ ಆತನು ಬರೆದ ಬೆಕ್ಕುಗಳಲ್ಲಿ ಕೆಲವು ಬೇರೊಂದು ಜಾತಿಯವು: ನೀಲಿ, ಕೆಂಪು, ಹಳದಿ ಬಣ್ಣಗಳು ಮೈತುಂಬ ಬಳ್ಳಿಗಳಾಗಿ, ಕಿಡಿಗಳಾಗಿ, ವಲಯಗಳಾಗಿ ಹಬ್ಬಿ, ರೋಮವೂ ಹಿನ್ನೆಲೆಯೂ ಒಂದರೊಳಗೊಂದು ಬೆರೆತು, ನಡುವೆ ಎರಡು ಅಗಲವಾದ ಕಣ್ಣುಗಳು ಮಾತ್ರ ಅಲುಗದೆ ನಿಂತಿರುತ್ತವೆ.

ವೇಯ್ನ್ ಒಬ್ಬನೇ ಹೀಗೆ ಮಾಡಿದ್ದರೆ ಅದನ್ನು ಆತನ ದುಃಖದ ಖಾತೆಗೆ ಬರೆದು ಸುಮ್ಮನಾಗಬಹುದಾಗಿತ್ತು. ಆದರೆ ಎಡ್ವರ್ಡ್ ಲಿಯರನ ವಿಷಯದಲ್ಲಿ ಏನು ಹೇಳೋಣ? 1830ರಲ್ಲಿ, ಇನ್ನೂ ಹದಿನೆಂಟರ ಹುಡುಗನಾಗಿದ್ದಾಗ, ಆತನು ಲಂಡನ್ನಿನ ಮೃಗೋದ್ಯಾನದ ಗಿಣಿಗಳನ್ನು ಚಿತ್ರಿಸಲು ತೊಡಗಿದನು. ಒಣಗಿಸಿ ತುಂಬಿದ ಹಕ್ಕಿಗಳನ್ನು ನೋಡಿ ಬರೆಯುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಜೀವಂತವಾದ ಹಕ್ಕಿಯನ್ನೇ ಆಳಿನ ಕೈಯಲ್ಲಿ ಹಿಡಿಸಿ, ರೆಕ್ಕೆಯನ್ನೂ ಕೊಕ್ಕನ್ನೂ ಅಳೆದು, ಗರಿ ಗರಿಯ ಬಣ್ಣವನ್ನು ಗುರುತಿಸಿ ಬರೆದ ಆ ಚಿತ್ರಗಳು ಪಕ್ಷಿಶಾಸ್ತ್ರಜ್ಞರ ಮೆಚ್ಚುಗೆಯನ್ನು ಪಡೆದವು. ಇಂತಹ ಕಠಿಣ ಶಿಸ್ತಿನ ಕೈ, ವೃದ್ಧಾಪ್ಯದಲ್ಲಿ ಇಟಲಿಯ ಸಾನ್ ರೆಮೋ ಪಟ್ಟಣದ ಮನೆಯಲ್ಲಿ ತನಗೆ ಜೊತೆಯಾಗಿದ್ದ ಫಾಸ್ ಎಂಬ ಮೊಂಡುಬಾಲದ ಪಟ್ಟೆಬೆಕ್ಕನ್ನು ಬರೆಯಹೊರಟಾಗ ಮಾಡಿದುದೇನು? ರಾಜವಂಶಗಳ ಲಾಂಛನಗಳಲ್ಲಿ ಸಿಂಹಗಳು ನಿಲ್ಲುವ ಭಂಗಿಗಳಲ್ಲಿ ಆ ಗುಂಡುದೇಹದ ಬೆಕ್ಕನ್ನು ನಿಲ್ಲಿಸಿ, ಮಲಗಿಸಿ, ಕುಣಿಸಿ, ಒಂದು ವಿನೋದಮಯವಾದ ಮೃಗಮಾಲೆಯನ್ನೇ ರಚಿಸಿತು. ಅಳತೆ ಬಾರದ ಕೈಯಲ್ಲ ಅದು. ಅಳತೆಯನ್ನು ಪೂರ್ಣವಾಗಿ ಬಲ್ಲ ಕೈ. ಗಿಣಿಗಳಿಗೆ ಅಳತೆಯು ಸಾಕಾಯಿತು, ಫಾಸ್‌ಗೆ ಸಾಲದಾಯಿತು. ಈ ವ್ಯತ್ಯಾಸದಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿದೆ.

ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಲಾ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದೆ. ರೂಪಭೇದ, ಪ್ರಮಾಣ, ಸಾದೃಶ್ಯಗಳ ಜೊತೆಯಲ್ಲಿಯೇ ಭಾವಕ್ಕೂ ಅಲ್ಲಿ ಸ್ಥಾನವಿದೆ. ಪ್ರಮಾಣವು ನಮಗೆ ಕೊಡುವುದು ಜಾತಿಯ ಜ್ಞಾನವನ್ನು: ಗಿಣಿಯೆಂದರೆ ಹೀಗಿರತಕ್ಕದ್ದು, ಬೆಕ್ಕೆಂದರೆ ಹೀಗಿರತಕ್ಕದ್ದು ಎಂಬುದನ್ನು. ಹ್ಯಾರಿಸನ್ ವೇರ್ ಎಂಬಾತನು 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಿಂದ ಮೊದಲ್ಗೊಂಡು, ಕಿವಿಗೆ ಇಷ್ಟು, ಬಾಲಕ್ಕೆ ಇಷ್ಟು, ರೋಮಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚುವ ಪದ್ಧತಿ ಅಲ್ಲಿ ಬೆಳೆಯಿತು. ವೇಯ್ನ್ ತಾನೇ ರಾಷ್ಟ್ರೀಯ ಬೆಕ್ಕು ಸಂಘದ ಅಧ್ಯಕ್ಷನಾಗಿದ್ದವನು. ಆ ಮಾನದಂಡಗಳು ಆತನಿಗೆ ತಿಳಿಯದವಲ್ಲ. ಆದರೆ ಬೀದಿಯಿಂದ ಬಂದ ಪೀಟರನಿಗೆ ಯಾವ ಕುಲಗೌರವವಿತ್ತು? ಕೃಶಳಾಗಿ ಮಲಗಿದ್ದ ಒಬ್ಬಾಕೆಯ ಮಗ್ಗುಲಿನಲ್ಲಿ ಸುರುಳಿಯಾಗಿ ಕುಳಿತಿರುವ ಒಂದು ರೀತಿ, ತನ್ನ ಮೂಗಿನ ಮೇಲಣ ಕನ್ನಡಕವನ್ನು ಸಹಿಸಿಕೊಳ್ಳುವ ಒಂದು ಗಾಂಭೀರ್ಯ, ಇವು ಯಾವ ಅಂಕಪಟ್ಟಿಗೂ ಸಿಕ್ಕತಕ್ಕವಲ್ಲ. ಪ್ರಾಣಿಯನ್ನು ಪ್ರೀತಿಸುವುದೆಂದರೆ ಜಾತಿಯನ್ನು ದಾಟಿ ಒಂದು ವ್ಯಕ್ತಿಯನ್ನು ಕಾಣುವುದು. ಆ ವ್ಯಕ್ತಿಯನ್ನು ಕಂಡೊಡನೆಯೇ, ಅದರ ಒಳಕ್ಕೆ ತನಗೆ ಪ್ರವೇಶವಿಲ್ಲವೆಂಬುದನ್ನೂ ಕಾಣುವುದು. ಬರಿಯ ಗೋಡೆಯನ್ನು ಎವೆಯಿಕ್ಕದೆ ನೋಡುತ್ತ ಕುಳಿತ ಬೆಕ್ಕಿಗೆ ಅಲ್ಲಿ ಏನು ಕಾಣುತ್ತಿದೆಯೆಂದು ಬಲ್ಲವರಾರು? ಬೀದಿಯಲ್ಲಿ ಹಾದುಹೋಗುವ ಬೆಕ್ಕಿನ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹತ್ತು ವರ್ಷ ಜೊತೆಯಲ್ಲಿದ್ದ ಬೆಕ್ಕಿನ ವಿಷಯದಲ್ಲಿ ಅದು ದಿನವೂ ಏಳುತ್ತದೆ. ಸಾಮೀಪ್ಯವು ರಹಸ್ಯವನ್ನು ಕಳೆಯುವ ಬದಲು ಬೆಳೆಸುತ್ತದೆಯೆಂಬ ಈ ಆಶ್ಚರ್ಯವನ್ನು ತೋರಿಸಬೇಕಾದ ಚಿತ್ರಕಾರನಿಗೆ, ಇದ್ದ ಮೈಯನ್ನಷ್ಟೇ ಬರೆದು ತೃಪ್ತಿಪಡುವುದು ಸಾಧ್ಯವಾಗದು. ಕಾಣದುದಕ್ಕೂ ಆತನು ಒಂದು ಬಣ್ಣವನ್ನು, ಒಂದು ಭಂಗಿಯನ್ನು ಹುಡುಕಲೇಬೇಕು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಲ್ಪಿತ ಮೃಗಗಳು ನಮಗೆ ಹೊಸವಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಸಾಲುಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಜೊತೆಗೆ ಮಕರಗಳ ಸಾಲೂ ನಡೆದಿದೆ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ ಒಂದೇ ದೇಹದಲ್ಲಿ ಸೇರಿ ಪರಮಸುಂದರವಾದ ಮೃಗವಾಗಿದೆ. ಆದರೆ ಆ ಮಕರವು ಪರಂಪರೆಯಿಂದ ಬಂದುದು. ಶಿಲ್ಪಿಯು ಅದನ್ನು ಗುರುವಿನಿಂದ ಕಲಿತನು, ಗುರುವು ಅವನ ಗುರುವಿನಿಂದ. ಅದು ಯಾವನ ಮನೆಯ ಅಂಗಳದಲ್ಲಿಯೂ ಹಾಲು ಕುಡಿದುದಲ್ಲ, ಅದು ಸತ್ತಾಗ ಯಾರೂ ಅತ್ತವರಿಲ್ಲ. ವೇಯ್ನನ ಬೆಕ್ಕಿಗೆ ಶಾಸ್ತ್ರವಿಲ್ಲ, ವಂಶವಿಲ್ಲ. ಅದು ಹೊರಟುದು ಒಂದು ನಾಮಧೇಯವುಳ್ಳ ಜೀವದಿಂದ. ಮಕರಕ್ಕೆ ಅದರ ಲಕ್ಷಣಗಳಿಗೆ ನಿಷ್ಠೆಯುಂಟಾದರೆ ಸಾಕು. ಪೀಟರನಿಂದ ಹೊರಟ ಕಲ್ಪನೆಯಾದರೋ ಎಷ್ಟು ದೂರ ಹಾರಿದರೂ ಪೀಟರನಿಗೆ ಉತ್ತರ ಹೇಳಬೇಕಾಗುತ್ತದೆ.

ಉತ್ತರ ಹೇಳಲಾರದೆ ಹೋಗುವ ಅಪಾಯವೂ ದೊಡ್ಡದು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ತಿಳಿಯದ ಆ ಒಳಗನ್ನು ಖಾಲಿಯೆಂದು ಭಾವಿಸಿ, ಅದರಲ್ಲಿ ನಮ್ಮನ್ನೇ ತುಂಬಿಬಿಡುವ ಪ್ರಲೋಭನೆ ಪ್ರತಿಯೊಬ್ಬ ಸಾಕುವವನಿಗೂ ಉಂಟು, ಚಿತ್ರಕಾರನಿಗೆ ಮತ್ತೂ ಹೆಚ್ಚು. ದುರ್ಗಸಿಂಹನ ಪಂಚತಂತ್ರದಲ್ಲಿ ನರಿ, ಸಿಂಹ, ಎತ್ತುಗಳು ರಾಜನೀತಿಯನ್ನು ನುಡಿದಾಗ ನಾವು ಮೋಸಹೋಗುವುದಿಲ್ಲ. ಅಲ್ಲಿ ಪ್ರಾಣಿಯು ನೀತಿಯ ವಾಹನವೆಂಬುದು ಕವಿಗೂ ಓದುಗರಿಗೂ ಒಪ್ಪಿಗೆಯಾದ ಒಡಂಬಡಿಕೆ. ವೇಯ್ನನ ಅಂಚೆಕಾರ್ಡುಗಳಲ್ಲಿ ಸಿಗಾರು ಸೇದುವ, ಕಣ್ಣಿಗೆ ಒಂಟಿಗಾಜು ತೊಟ್ಟ ಬೆಕ್ಕುಗಳ ಸಂಗತಿ ಅಂತಹುದಲ್ಲ. ಅವು ಮುದ್ದಾಗಿವೆ, ಚುರುಕಾಗಿವೆ, ಲಂಡನ್ನಿನ ಮಧ್ಯಮವರ್ಗವನ್ನು ಚೆನ್ನಾಗಿ ಅಣಕಿಸುತ್ತವೆ; ಆದರೆ ಅವುಗಳ ಮುಖಭಾವಗಳಲ್ಲಿ ನಮಗೆ ಅಪರಿಚಿತವಾದುದು ಒಂದೂ ಇಲ್ಲ. ಗೆದ್ದ ಆಟಗಾರನ ಬಡಾಯಿ, ಸೋತವನ ಜೋಲುಮುಖ, ಹೆಂಡತಿಗೆ ಹೆದರಿದ ಗಂಡನ ಕಳ್ಳನೋಟ, ಇವೆಲ್ಲ ನಮ್ಮವೇ. ಬೆಕ್ಕಿನ ರೋಮವನ್ನು ಬಿಚ್ಚಿ ಪಕ್ಕಕ್ಕಿಟ್ಟರೆ ಒಳಗೆ ಒಬ್ಬ ಗೃಹಸ್ಥನು ಕುಳಿತಿರುತ್ತಾನೆ. ಪೀಟರ್ ಅಲ್ಲಿಂದ ಎದ್ದುಹೋಗಿದ್ದಾನೆ. ಕುಟುಂಬವನ್ನು ಸಲಹಲು ವರ್ಷಕ್ಕೆ ನೂರಾರು ಚಿತ್ರಗಳನ್ನು ಬರೆಯಬೇಕಾದವನನ್ನು ಇದಕ್ಕಾಗಿ ದೂಷಿಸುವುದು ಕ್ರೌರ್ಯ. ಆದರೆ ಆ ಚಿತ್ರಗಳನ್ನೇ ಆತನ ಪ್ರೀತಿಯ ಪರಮಾವಧಿಯೆಂದು ಹೊಗಳುವುದು ಆತನಿಗೂ ಆ ಬೆಕ್ಕಿಗೂ ಮಾಡುವ ಅನ್ಯಾಯ.

ಇನ್ನು ಆ ಬಣ್ಣದ ಬೆಕ್ಕುಗಳ ವಿಷಯ. 1924ರಲ್ಲಿ ವೇಯ್ನನನ್ನು ಸ್ಪ್ರಿಂಗ್‌ಫೀಲ್ಡ್ ಆಸ್ಪತ್ರೆಯ ದರಿದ್ರರ ವಾರ್ಡಿಗೆ ಸೇರಿಸಿದರು. ಮರುವರ್ಷ ಆತನ ಸ್ಥಿತಿಯು ಲೋಕಕ್ಕೆ ತಿಳಿದು, ಎಚ್. ಜಿ. ವೆಲ್ಸ್ ಮೊದಲಾದವರು ಜನರಲ್ಲಿ ಬಿನ್ನವಿಸಿಕೊಂಡುದರಿಂದ ಹಣ ಕೂಡಿ, ಬೆಥ್ಲೆಮ್ ಆಸ್ಪತ್ರೆಯ ಆಶ್ರಯವೂ, 1930ರಲ್ಲಿ ನ್ಯಾಪ್ಸ್‌ಬರಿ ಆಸ್ಪತ್ರೆಯ ತೋಟವೂ ಅಲ್ಲಿನ ಬೆಕ್ಕುಗಳೂ ಆತನಿಗೆ ದೊರೆತವು. 1939ರಲ್ಲಿ ಆತನು ತೀರಿಕೊಂಡನು. ಆ ವರ್ಷವೇ ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯನು ಲಂಡನ್ನಿನ ಒಂದು ಅಂಗಡಿಯಲ್ಲಿ ವೇಯ್ನನ ಎಂಟು ಚಿತ್ರಗಳನ್ನು ಕೊಂಡು, ಸಾಧಾರಣ ಬೆಕ್ಕು ಮೊದಲು, ಬರಿಯ ವಿನ್ಯಾಸವಾಗಿ ಒಡೆದುಹೋದ ಬೆಕ್ಕು ಕೊನೆಗೆ, ಹೀಗೆ ಸಾಲಾಗಿ ಜೋಡಿಸಿ, ಬುದ್ಧಿಯು ಹಂತಹಂತವಾಗಿ ಕುಸಿಯುವ ಬಗೆಯನ್ನು ಅದರಲ್ಲಿ ತೋರಿಸಿದನು. ಮನಶ್ಶಾಸ್ತ್ರದ ಪಠ್ಯಪುಸ್ತಕಗಳು ಆ ಸಾಲನ್ನು ದಶಕಗಳ ಕಾಲ ಮುದ್ರಿಸಿದವು. ಆ ಚಿತ್ರಗಳ ಮೇಲೆ ತಾರೀಖೇ ಇರಲಿಲ್ಲ! ವಿನ್ಯಾಸದ ಬೆಕ್ಕುಗಳನ್ನು ಬರೆಯುತ್ತಿದ್ದ ಕಾಲದಲ್ಲಿಯೇ ವೇಯ್ನ್ ಹಿಂದಿನಂತಹ ಸಾಧಾರಣ ಬೆಕ್ಕುಗಳನ್ನೂ ಬರೆಯುತ್ತಿದ್ದನು; ಆತನ ತಾಯಿಯು ರತ್ನಗಂಬಳಿಗಳ ಮತ್ತು ಕಸೂತಿಯ ವಿನ್ಯಾಸಗಳನ್ನು ರಚಿಸುತ್ತಿದ್ದವಳು; ಬಣ್ಣಗಳ ಆ ಬಳ್ಳಿಗಳನ್ನು ಆತನು ಬಾಲ್ಯದಲ್ಲಿಯೇ ಕಂಡಿದ್ದನು. ಆತನು ರೋಗಿಯಾಗಿದ್ದನೆಂಬುದು ದಿಟ. ಆದರೆ ರೋಗಿಯು ಬರೆದುದೆಲ್ಲ ರೋಗವೆಂಬ ತರ್ಕವು ತರ್ಕವಲ್ಲ. ಮ್ಯಾಕ್ಲೇಯ ಜೋಡಣೆಯ ಬುಡದಲ್ಲಿದ್ದುದು ವೈದ್ಯಶಾಸ್ತ್ರಕ್ಕಿಂತ ಹಳೆಯದಾದ ಒಂದು ನಂಬಿಕೆ: ಹೊರಗಿನ ಸಾದೃಶ್ಯವೇ ಸ್ವಸ್ಥ ಬುದ್ಧಿಯ ಅಳತೆಗೋಲು, ಅದರಿಂದ ದೂರ ಸರಿದಷ್ಟೂ ಮನಸ್ಸು ಕೆಟ್ಟಿದೆ ಎಂಬುದು. ಈ ಅಳತೆಗೋಲಿಗೆ ಲಿಯರನೂ ತಲೆ ಬಾಗಬೇಕಾಗುವುದು, ಹಳೇಬೀಡಿನ ಶಿಲ್ಪಿಗಳೂ.

ಚಿತ್ರಗಳನ್ನು ಸಾಲಾಗಿ ಜೋಡಿಸಲೇಬೇಕೆಂದಾದರೆ ಬೇರೊಂದು ಕ್ರಮವನ್ನು ನಾನು ಸೂಚಿಸುವೆನು. ಬುದ್ಧಿಯ ಸ್ಥಿತಿಯನ್ನು ಬದಿಗಿರಿಸಿ, ಪೀಟರನಿಂದ ಪ್ರತಿಯೊಂದು ಚಿತ್ರವೂ ಎಷ್ಟು ದೂರದಲ್ಲಿದೆಯೆಂದು ಕೇಳೋಣ. ಕಣ್ಣುಗಳನ್ನು ನೋಡೋಣ, ಆ ನೋಟದಲ್ಲಿ ನಮಗೆ ನಮ್ಮ ಮುಖವೇ ಕಾಣುತ್ತದೆಯೋ, ನಮ್ಮದಲ್ಲದ ಇನ್ನೊಂದು ಜೀವವು ಅಲ್ಲಿಂದ ನಮ್ಮನ್ನು ನೋಡುತ್ತಿದೆಯೋ ಎಂದು ವಿಚಾರಿಸೋಣ. ಹಾಗೆ ವಿಚಾರಿಸಿದರೆ, ಗಾಲ್ಫ್ ಆಡುವ ಸಭ್ಯ ಬೆಕ್ಕು, ಅಂಗರಚನೆಯಲ್ಲಿ ಎಷ್ಟೇ ಬೆಕ್ಕಿನಂತಿದ್ದರೂ, ಸಾಲಿನ ದೂರದ ತುದಿಗೆ ಹೋಗುವುದು. ಮೈಯೆಲ್ಲ ಬಣ್ಣದ ಬಳ್ಳಿಯಾದರೂ ಕಣ್ಣುಗಳಲ್ಲಿ ಯಾವ ಮನುಷ್ಯಭಾವಕ್ಕೂ ಎಡೆಗೊಡದ ಆ ಆಸ್ಪತ್ರೆಯ ಬೆಕ್ಕು, ಕಾಯಿಲೆಯ ಕೋಣೆಯಲ್ಲಿ ಎಮಿಲಿಯ ಮಗ್ಗುಲಲ್ಲಿ ಕುಳಿತಿದ್ದ ಬೆಕ್ಕಿಗೆ ಬಹಳ ಹತ್ತಿರದಲ್ಲಿ ನಿಲ್ಲುವುದು.