ಕೈ ಹಿಡಿದು ಉರಿಸಿದ ದೀಪ

ಗೃಹಜ್ಯೋತಿ ಯೋಜನೆಯ ಲೆಕ್ಕ ನನ್ನನ್ನು ಆಗಾಗ ಕಾಡುತ್ತದೆ. 2023ರ ಆಗಸ್ಟ್‌ನಿಂದ ಮನೆಗಳಿಗೆ ಶೂನ್ಯ ಬಿಲ್ ಬರತೊಡಗಿತು. 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ. ಪ್ರತಿ ಮನೆಯ ಪಾಲು ನಿಗದಿಯಾದದ್ದು 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ. ಅಂದರೆ 150 ಯೂನಿಟ್ ಉರಿಸಿದ ಮನೆಗೆ 165 ಉಚಿತ. 60ರಲ್ಲೇ ಸುಧಾರಿಸಿಕೊಂಡ ಮನೆಗೆ 66. ಅದನ್ನು ಮೀರಿದರೆ ದುಡ್ಡು ಕಟ್ಟಬೇಕು.

ಹೊಸದುರ್ಗದ ನಮ್ಮ ಬೀದಿಯಲ್ಲಿ ಎರಡೂ ಬಗೆಯ ಮನೆಗಳಿವೆ. 60 ವ್ಯಾಟಿನ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದವರು ಕೇಳುತ್ತಾರೆ: "ಕೈ ಹಿಡಿದು ಖರ್ಚು ಮಾಡಿದ್ದೇ ತಪ್ಪಾತಾ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆ 60ರಲ್ಲಿ ಸಂಯಮವೆಷ್ಟು, ಬಡತನವೆಷ್ಟು ಎಂಬುದು ಮೀಟರಿಗೆ ತಿಳಿಯದು. ಫ್ಯಾನು ಕೊಳ್ಳಲಾಗದವರು ಅನುಭವಿಸಿದ ಸೆಕೆಯೂ ಅಲ್ಲಿ ಉಳಿತಾಯವೆಂದೇ ದಾಖಲಾಗಿದೆ. ಅಂಥವರಿಗೆ ಮಿತವ್ಯಯದ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸಾಕಷ್ಟು ಇರುವ ನನ್ನಂಥವರ ಮಾತು ಬೇರೆ. 75 ವ್ಯಾಟಿನ ಫ್ಯಾನು ಖಾಲಿ ಕೋಣೆಯಲ್ಲಿ 13 ಗಂಟೆ ತಿರುಗಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ಹೋಯಿತು. ಬಿಲ್ಲು ಶೂನ್ಯವಾದರೂ ಆ ಯೂನಿಟ್ ಎಲ್ಲಿಂದಲೋ ಬರಬೇಕು. ಗಾಳಿಯಿಲ್ಲದಾಗ ನಮ್ಮ ಗುಡ್ಡಗಳ ಗಾಳಿಯಂತ್ರಗಳು ನಿಲ್ಲುತ್ತವೆ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಶರಾವತಿಯ ವಿದ್ಯುತ್ತಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. ಆ ಬೆಲೆ ನಮ್ಮ ಬಿಲ್ಲಿನಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.

ಬರೀ ದುಡ್ಡಿಗಾಗಿ ಉಳಿಸುತ್ತಿದ್ದವರಿಗೆ ಈಗ ಸ್ವಿಚ್ಚು ಆರಿಸಲು ಕಾರಣವಿಲ್ಲ. ಬೇರೆಯವರು ತೆತ್ತದ್ದನ್ನು ನೆನೆಯುವವರಿಗೆ ಕಾರಣ ಹಾಗೆಯೇ ಉಳಿದಿದೆ.